ಪ್ರಧಾನ ದೇವದೂತರನ್ನು ಮೂರು ಪರಂಪರೆಗಳಲ್ಲಿ ಓದುವ ಬಗೆ

ಕೋಲಾರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ದಿನಗಳಲ್ಲಿ, ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಇಬ್ಬರು ಹುಡುಗರು ಕೇಳಿದ ಪ್ರಶ್ನೆಯೊಂದು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಒಬ್ಬನು ಚರ್ಚಿನ ಕ್ರಿಸ್‌ಮಸ್ ನಾಟಕದಲ್ಲಿ ಗಬ್ರಿಯೇಲನ ವೇಷ ಹಾಕಿದ್ದನು. ಇನ್ನೊಬ್ಬನು ಮದರಸಾದಲ್ಲಿ ಹಜರತರ ಬಾಯಿಂದ ಜಿಬ್ರೀಲ್ ಅಲೈಹಿಸ್ಸಲಾಮರ ವೃತ್ತಾಂತವನ್ನು ಕೇಳಿ ಬಂದಿದ್ದನು. "ಸಾರ್, ಇವರಿಬ್ಬರೂ ಒಬ್ಬರೇನಾ?" ಎಂದಾಗ ನಾನು ಹೆಚ್ಚು ಯೋಚಿಸದೆ "ಹೌದಪ್ಪ, ಒಬ್ಬರೇ" ಎಂದುಬಿಟ್ಟೆನು. ಆ ಉತ್ತರ ಸುಳ್ಳಲ್ಲ; ಆದರೆ ಅದರಿಂದ ಇಬ್ಬರಿಗೂ ಹೊಸದಾಗಿ ಏನೂ ತಿಳಿಯಲಿಲ್ಲ. ಒಬ್ಬನ ಗಬ್ರಿಯೇಲನು ನಜರೇತಿನ ಕನ್ಯೆಗೆ ಮಗನ ಜನನದ ಸುದ್ದಿಯನ್ನು ತಂದವನು. ಇನ್ನೊಬ್ಬನ ಜಿಬ್ರೀಲರು ಸುಮಾರು 23 ವರ್ಷಗಳ ಕಾಲ ಒಂದು ಗ್ರಂಥವನ್ನೇ ವಚನ ವಚನವಾಗಿ ತಲುಪಿಸಿದವರು. ಇವರಿಬ್ಬರಿಗಿಂತ ಹಳೆಯದಾದ ಯೆಹೂದ್ಯ ಗ್ರಂಥದಲ್ಲಿ ಗಬ್ರಿಯೇಲನು ಬಾಬಿಲೋನಿನಲ್ಲಿ ಸೆರೆಯಾಳಾಗಿದ್ದ ದಾನಿಯೇಲನಿಗೆ ದರ್ಶನದ ಅರ್ಥವನ್ನು ಬಿಡಿಸಿ ಹೇಳಿದವನು. ಹೆಸರು ಒಂದೇ ಆದರೂ ಹೊತ್ತ ಕೆಲಸ ಬೇರೆ ಬೇರೆ.

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂಬ ಹಂಬಲದಿಂದ ನಿವೃತ್ತಿಯ ನಂತರ ನಾವು ಕೆಲವರು ಭಾನುವಾರ ಸಂಜೆ ಒಟ್ಟಿಗೆ ಕೂತು ಓದತೊಡಗಿದೆವು. ಆ ಓದಿನಲ್ಲಿ ನಮಗೆ ಒದಗಿಬಂದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಒಬ್ಬರೇ ಓದುವವರಿಗೂ, ತರಗತಿಯಲ್ಲಿ ಪಾಠ ಮಾಡುವವರಿಗೂ, ಪಕ್ಕದ ಮನೆಯವರ ನಂಬಿಕೆಯನ್ನು ಅವರದೇ ಮಾತಿನಲ್ಲಿ ತಿಳಿಯಬೇಕೆನ್ನುವವರಿಗೂ ಇದು ಉಪಯೋಗಕ್ಕೆ ಬರಬಹುದು. ಆತುರವಿಲ್ಲದೆ ಓದಿದರೆ ಐದಾರು ವಾರಗಳು ಬೇಕಾಗುತ್ತವೆ.

ಮೊದಲು ಪದವನ್ನು ಹಿಡಿಯಿರಿ

ಹೀಬ್ರೂ ಭಾಷೆಯ 'ಮಲಾಖ್', ಗ್ರೀಕಿನ 'ಆಂಗೆಲೋಸ್', ಅರಬ್ಬಿಯ 'ಮಲಕ್' ಎಂಬ ಮೂರು ಪದಗಳ ಮೂಲಾರ್ಥವೂ ಸುದ್ದಿ ಒಯ್ಯುವವನು, ಕಳುಹಿಸಲ್ಪಟ್ಟವನು ಎಂದೇ ಆಗಿದೆ. ಯಾಕೋಬನು ತನ್ನ ಅಣ್ಣನಾದ ಏಸಾವನ ಬಳಿಗೆ ಆಳುಗಳನ್ನು ಕಳುಹಿಸುವಾಗಲೂ ಬೈಬಲ್ಲಿನ ಮೊದಲ ಗ್ರಂಥವಾದ ಆದಿಕಾಂಡದ ಹೀಬ್ರೂ ಮೂಲವು ಇದೇ 'ಮಲಾಖ್' ಪದವನ್ನು ಬಳಸುತ್ತದೆ. ಅಲ್ಲಿ ಹೋದವರು ರೆಕ್ಕೆಯುಳ್ಳವರಲ್ಲ, ಮನೆಯ ಆಳುಗಳು. ಕನ್ನಡದ 'ದೂತ' ಎಂಬ ಪದವು ಈ ಅರ್ಥವನ್ನು ಅಚ್ಚುಕಟ್ಟಾಗಿ ಹಿಡಿದಿದೆ ಎಂಬುದು ನಮ್ಮ ಭಾಗ್ಯ. ಉಂಗುರವನ್ನು ಗುರುತಾಗಿ ಹಿಡಿದು ಲಂಕೆಗೆ ಹೋದ ಹನುಮಂತನನ್ನು, ಸಂಧಾನಕ್ಕೆಂದು ಕೌರವರ ಸಭೆಗೆ ಹೋದ ಕೃಷ್ಣನನ್ನು ಬಲ್ಲ ಓದುಗನಿಗೆ ದೂತನ ಧರ್ಮವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ನಮ್ಮಲ್ಲಿ ದೂತನಾಗಿ ಹೋದವನಿಗೂ ಗುಡಿಯುಂಟು, ಪೂಜೆಯುಂಟು. ಯೆಹೂದ್ಯ ಮತ್ತು ಇಸ್ಲಾಂ ಪರಂಪರೆಗಳಲ್ಲಿ ದೂತನಿಗೆ ಪೂಜೆ ಸಲ್ಲುವುದಿಲ್ಲ; ಕ್ರೈಸ್ತರ ಪ್ರಕಟನೆಯ ಗ್ರಂಥದಲ್ಲೂ ಯೋಹಾನನು ದೂತನ ಕಾಲಿಗೆ ಬಿದ್ದಾಗ, ಹಾಗೆ ಮಾಡಬೇಡ, ನಾನೂ ನಿನ್ನಂತೆ ಸೇವಕನು, ದೇವರಿಗೆ ಅಡ್ಡಬೀಳು ಎಂಬ ಉತ್ತರ ಬರುತ್ತದೆ. ಆದ್ದರಿಂದ ಟಿಪ್ಪಣಿ ಬರೆಯುವಾಗ 'ದೇವತೆ' ಎಂಬ ಪದವನ್ನು ಬಳಸಬೇಡಿ. ಅದೊಂದು ಪದವೇ ಓದನ್ನು ದಾರಿ ತಪ್ಪಿಸುತ್ತದೆ.

'ಪ್ರಧಾನ' ಎಂಬ ವಿಶೇಷಣದ ಕಥೆ ಬೇರೆ. ಗ್ರೀಕಿನ 'ಆರ್ಖಾಂಗೆಲೋಸ್' ಎಂಬ ಪದವು ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ: ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ 4:16ರಲ್ಲಿ ಒಮ್ಮೆ, ಯೂದನ ಪತ್ರದ 9ನೆಯ ವಚನದಲ್ಲಿ ಮತ್ತೊಮ್ಮೆ. ಮೊದಲನೆಯ ಕಡೆ ಹೆಸರಿಲ್ಲ; ಎರಡನೆಯ ಕಡೆ ಇರುವ ಹೆಸರು ಮೀಕಾಯೇಲನದು. ಗಬ್ರಿಯೇಲನನ್ನು ಬೈಬಲ್ ಎಲ್ಲಿಯೂ ಪ್ರಧಾನ ದೂತನೆಂದು ಕರೆಯುವುದಿಲ್ಲ. ಆ ಬಿರುದನ್ನು ಅವನಿಗೆ ಕೊಟ್ಟದ್ದು ನಂತರದ ಪರಂಪರೆ. ದಾನಿಯೇಲನ ಗ್ರಂಥದಲ್ಲಿ ಮೀಕಾಯೇಲನಿಗೆ ಇರುವುದು 'ಸರ್', ಅಂದರೆ ಅಧಿಪತಿ, ಎಂಬ ಹೆಸರು. ಕುರ್‌ಆನಿನಲ್ಲಿ ಈ ಅರ್ಥದ ನೇರ ಪದವಿಲ್ಲ. 4:172ರಲ್ಲಿ 'ಮುಖರ್ರಬೂನ್', ಅಂದರೆ ಅಲ್ಲಾಹನ ಸಾಮೀಪ್ಯ ಪಡೆದವರು, ಎಂದು ಕೆಲವು ಮಲಕ್‌ಗಳನ್ನು ಬೇರೆಯಾಗಿ ಹೇಳಿದೆ.

ನಮ್ಮ ಜಿಲ್ಲೆಯಲ್ಲಿ ಈ ಪದಗಳು ಹಲವು ಬಾಯಲ್ಲಿ ಹಲವು ಬಗೆಯಾಗಿ ಕೇಳಿಬರುತ್ತವೆ. ಕನ್ನಡ, ತೆಲುಗು ಬೈಬಲ್‌ಗಳಲ್ಲಿ 'ಪ್ರಧಾನ ದೂತ' ಎಂದಿದೆ. ಕೆಜಿಎಫ್‌ನ ತಮಿಳು ಕಥೋಲಿಕರು 'ಅದಿದೂದರ್' ಎನ್ನುತ್ತಾರೆ. ಮನೆಯಲ್ಲಿ ದಖನಿ ಆಡುವ ಮುಸ್ಲಿಮರಿಗೆ ಅವರು 'ಫರಿಷ್ತೆ'. ಕನ್ನಡದ ಇಸ್ಲಾಮೀ ಪುಸ್ತಕಗಳಲ್ಲಿ 'ದೇವಚರರು' ಅಥವಾ 'ಮಲಕ್‌ಗಳು'. ಯಾರ ವಿಷಯ ಬರೆಯುತ್ತೀರೋ ಅವರ ಪದವನ್ನೇ ಬಳಸಿ. ಗೌರವದ ರೂಪಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕನ್ನಡ ಬೈಬಲ್ ದೂತನನ್ನು ಏಕವಚನದಲ್ಲಿ ಕರೆಯುತ್ತದೆ, ಮುಸ್ಲಿಮರು ಬಹುವಚನದಲ್ಲಿ ಕರೆದು 'ಅಲೈಹಿಸ್ಸಲಾಂ' ಎಂದು ಸೇರಿಸುತ್ತಾರೆ. ಈ ಬರಹದಲ್ಲಿಯೂ ಅದನ್ನೇ ಅನುಸರಿಸಿದ್ದೇನೆ.

ಯಾವ ಪುಸ್ತಕಗಳು ಬೇಕು

ಕನ್ನಡ ಬೈಬಲ್ ಒಂದು, ಕುರ್‌ಆನಿನ ಕನ್ನಡ ಅನುವಾದ ಒಂದು, ಎರಡು ಗೆರೆ ಎಳೆದು ಮೂರು ಕಾಲಂ ಮಾಡಿದ ನೋಟ್‌ಬುಕ್ ಒಂದು ಇದ್ದರೆ ಆರಂಭಕ್ಕೆ ಸಾಕು. ಬೈಬಲ್ ಆರಿಸುವಾಗ ಎಚ್ಚರ ಬೇಕು. ರಫಾಯೇಲನ ಕಥೆಯಿರುವ ತೋಬೀತನ ಗ್ರಂಥವನ್ನು ಕಥೋಲಿಕರೂ ಆರ್ಥೊಡಾಕ್ಸರೂ ಶಾಸ್ತ್ರವೆಂದು ಒಪ್ಪುತ್ತಾರೆ. ಪ್ರೊಟೆಸ್ಟೆಂಟರೂ ಯೆಹೂದ್ಯರೂ ಒಪ್ಪುವುದಿಲ್ಲ. ಮೆಥಡಿಸ್ಟ್ ಅಥವಾ ಸಿಎಸ್‌ಐ ಮನೆಯಿಂದ ತಂದ ಬೈಬಲ್ಲಿನಲ್ಲಿ ಅದನ್ನು ಹುಡುಕಿ ಸಿಗಲಿಲ್ಲವೆಂದು ಪೇಚಾಡುವುದಕ್ಕಿಂತ, ಮೊದಲೇ ಕಥೋಲಿಕ ಪರಿಚಿತರಿಂದ ಒಂದು ಪ್ರತಿಯನ್ನು ಕೇಳಿ ಪಡೆಯುವುದು ಮೇಲು. ಕುರ್‌ಆನ್ ಅನುವಾದವನ್ನು ಎರವಲು ತಂದಾಗ ಕೈತೊಳೆದು ತೆರೆಯಿರಿ, ನೆಲದ ಮೇಲೆ ಇಡಬೇಡಿ. ಕೊಟ್ಟವರು ಬಾಯಿಬಿಟ್ಟು ಹೇಳದಿದ್ದರೂ ಅವರ ಮನಸ್ಸು ಅದನ್ನು ಗಮನಿಸುತ್ತದೆ.

ಯೆಹೂದ್ಯ ಪರಂಪರೆಯ ವಿಷಯದಲ್ಲಿ ನಮಗೊಂದು ಕೊರತೆಯಿದೆ. ಮಸೀದಿಯವರನ್ನು, ಚರ್ಚಿನವರನ್ನು ಬೀದಿಯಲ್ಲೇ ನಿಲ್ಲಿಸಿ ಕೇಳಬಹುದು. ಯೆಹೂದ್ಯ ನೆರೆಯವರನ್ನು ನಾನು ಕೋಲಾರದಲ್ಲಿ ಕಂಡಿಲ್ಲ. ಬೆಂಗಳೂರಿನ ಮೈಸೂರು ರಸ್ತೆಯ ಬಳಿ, 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದೊರೆತ ಜಾಗದಲ್ಲಿರುವ ಸಣ್ಣ ಯೆಹೂದ್ಯ ಸ್ಮಶಾನವೇ ನಮಗೆ ಹತ್ತಿರದ ಕುರುಹು. ಕೇಳುವುದಕ್ಕೆ ಜನರಿಲ್ಲದ ಕಡೆ ಓದು ಇನ್ನೂ ಹೆಚ್ಚು ಎಚ್ಚರದಿಂದ ನಡೆಯಬೇಕು. ಆದ್ದರಿಂದಲೇ ಅಲ್ಲಿಂದಲೇ ಆರಂಭಿಸಬೇಕೆನ್ನುತ್ತೇನೆ.

ದಾನಿಯೇಲನಿಂದ ಆರಂಭಿಸಿ

ದಾನಿಯೇಲನ ಗ್ರಂಥದ 8ರಿಂದ 12ರವರೆಗಿನ ಅಧ್ಯಾಯಗಳನ್ನು ಒಂದೇ ಪಟ್ಟಿನಲ್ಲಿ ಓದಿ. ಹೀಬ್ರೂ ಬೈಬಲ್ಲಿನಲ್ಲಿ ಹೆಸರಿರುವ ದೇವದೂತರು ಇಬ್ಬರೇ, ಇಬ್ಬರ ಹೆಸರೂ ಬರುವುದು ಈ ಗ್ರಂಥದಲ್ಲಿಯೇ. ಅಬ್ರಹಾಮನ ಬಳಿಗೆ, ಹಾಗರಳ ಬಳಿಗೆ, ಮೋಶೆಯ ಬಳಿಗೆ ಬಂದ ಯಾವ ದೂತನಿಗೂ ಹೆಸರಿಲ್ಲ. ಕಥೆ ನಡೆಯುವುದು ಬಾಬಿಲೋನಿನ ಸೆರೆಯ ಕಾಲದಲ್ಲಿ, ಅಂದರೆ ಕ್ರಿ.ಪೂ. 6ನೆಯ ಶತಮಾನದಲ್ಲಿ, ಗ್ರಂಥವು ಈಗಿನ ರೂಪ ತಳೆದದ್ದು ಕ್ರಿ.ಪೂ. 2ನೆಯ ಶತಮಾನದಲ್ಲಿ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಯೆಹೂದ್ಯರು ಇದನ್ನು ಪ್ರವಾದಿಗಳ ಸಾಲಿನಲ್ಲಿ ಇಡದೆ 'ಕೆತುವೀಮ್' ಎಂಬ ಬರಹಗಳ ವಿಭಾಗದಲ್ಲಿ ಇಟ್ಟಿದ್ದಾರೆ. ಕ್ರೈಸ್ತ ಬೈಬಲ್ಲಿನಲ್ಲಿ ಅದೇ ಗ್ರಂಥ ಪ್ರವಾದಿಗಳ ನಡುವೆ ಇದೆ.

ಓದುವಾಗ ಪ್ರತಿಯೊಬ್ಬ ದೂತನ ಬಗ್ಗೆಯೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಕಳುಹಿಸಿದವರು ಯಾರು, ಯಾರ ಬಳಿಗೆ, ಯಾವ ಕೆಲಸಕ್ಕೆ? 8:16ರಲ್ಲಿ, ಈ ಮನುಷ್ಯನಿಗೆ ದರ್ಶನವನ್ನು ತಿಳಿಯಪಡಿಸು ಎಂಬ ಅಪ್ಪಣೆ ಗಬ್ರಿಯೇಲನಿಗೆ ಆಗುತ್ತದೆ. 9:21ರಲ್ಲಿ ಸಂಜೆಯ ನೈವೇದ್ಯದ ಹೊತ್ತಿಗೆ, ದಾನಿಯೇಲನು ಇನ್ನೂ ಪ್ರಾರ್ಥಿಸುತ್ತಿರುವಾಗಲೇ ಅವನು ಬರುತ್ತಾನೆ. ಅವನು ಯುದ್ಧ ಮಾಡುವವನಲ್ಲ, ಅರ್ಥ ಹೇಳುವವನು. ಮೀಕಾಯೇಲನ ಕೆಲಸ ಬೇರೆ: 10ನೆಯ ಅಧ್ಯಾಯದಲ್ಲಿ ಪಾರಸಿಯ ರಾಜ್ಯದ ಅಧಿಪತಿಯು 21 ದಿನ ಅಡ್ಡಗಟ್ಟಿದಾಗ ನೆರವಿಗೆ ಬರುವವನು ಅವನು, 12:1ರಲ್ಲಿ ನಿನ್ನ ಜನರ ಪರವಾಗಿ ನಿಲ್ಲುವ ಮಹಾ ಅಧಿಪತಿ ಎಂದು ಕರೆಸಿಕೊಳ್ಳುವವನೂ ಅವನೇ. ಒಬ್ಬನು ವಾಕ್ಯದ ದೂತ, ಇನ್ನೊಬ್ಬನು ಕಾವಲಿನ ದೂತ. ಈ ವ್ಯತ್ಯಾಸವನ್ನು ನೋಟ್‌ಬುಕ್ಕಿನ ಮೊದಲ ಕಾಲಂನಲ್ಲಿ ಬರೆದುಕೊಂಡರೆ ಮುಂದಿನ ಎರಡು ಕಾಲಂಗಳು ತುಂಬುವಾಗ ಅದು ಎಷ್ಟು ದೂರ ಸಾಗಿ ಬಂದಿದೆಯೆಂಬುದು ತಾನಾಗಿ ಕಾಣುತ್ತದೆ.

ಹೆಸರುಗಳನ್ನೂ ಬಿಡಿಸಿ ನೋಡಿ. ಕೊನೆಯ 'ಏಲ್' ಎಂದರೆ ದೇವರು. ಮೀಕಾಯೇಲ ಎಂದರೆ 'ದೇವರಂತೆ ಯಾರು?' ಎಂಬ ಪ್ರಶ್ನೆ. ಗಬ್ರಿಯೇಲ ಎಂದರೆ 'ದೇವರು ನನ್ನ ಬಲ'. ರಫಾಯೇಲ ಎಂದರೆ 'ದೇವರು ವಾಸಿಮಾಡಿದನು'. ಊರಿಯೇಲ ಎಂದರೆ 'ದೇವರು ನನ್ನ ಬೆಳಕು'. ಹೆಸರಿನೊಳಗೇ ಒಡೆಯನ ಹೆಸರು ಸೇರಿಕೊಂಡಿರುವುದರಿಂದ, ದೂತನನ್ನು ಕರೆದಾಗಲೆಲ್ಲ ಕಳುಹಿಸಿದವನ ನೆನಪೇ ಮುಂದೆ ಬರುತ್ತದೆ. ದೂತರ ಹೆಸರುಗಳು ಬಾಬಿಲೋನಿನಿಂದ ತಮ್ಮ ಜೊತೆ ಬಂದವು ಎಂದು ಯೆಹೂದ್ಯ ಗುರುಗಳ ಚರ್ಚೆಗಳ ಸಂಗ್ರಹವಾದ ಜೆರೂಸಲೇಮ್ ತಾಲ್ಮೂದಿನಲ್ಲಿ ರಬ್ಬಿಗಳು, ಅಂದರೆ ಆ ಗುರುಗಳು, ಸ್ವತಃ ಹೇಳಿಕೊಂಡಿದ್ದಾರೆ. ತಮ್ಮ ಪರಂಪರೆಯೊಳಗೆ ಹೊರಗಿನಿಂದ ಬಂದದ್ದನ್ನು ಹೀಗೆ ಮುಚ್ಚಿಡದೆ ಹೇಳುವ ಈ ಮಾತು ನನಗೆ ಬಹಳ ಪ್ರಿಯವಾದದ್ದು.

ಹೆಸರುಗಳು ಹೆಚ್ಚಿದ್ದು ಹನೋಕನ ಹೆಸರಿನ ಪ್ರಾಚೀನ ಗ್ರಂಥದಲ್ಲಿ. ಒಂದು ಕಡೆ ನಾಲ್ವರು, ಇನ್ನೊಂದು ಕಡೆ ಏಳು ಮಂದಿ ಅಲ್ಲಿ ಕಾಣುತ್ತಾರೆ. ಇದರ ಅರಮಾಯ ತುಣುಕುಗಳು 1947ರ ನಂತರ ಮೃತ ಸಮುದ್ರದ ಬಳಿಯ ಗುಹೆಗಳಲ್ಲಿ ದೊರೆತವು. ಪೂರ್ಣ ಪಾಠ ಉಳಿದದ್ದು ಇಥಿಯೋಪಿಯದ ಗೀಝ್ ಭಾಷೆಯಲ್ಲಿ, ಅಲ್ಲಿನ ಆರ್ಥೊಡಾಕ್ಸ್ ಸಭೆಗೆ ಅದು ಶಾಸ್ತ್ರವೂ ಹೌದು. ಮೊದಲ ಓದಿಗೆ ಇದು ಅವಶ್ಯವಲ್ಲ.

ಯೆಹೂದ್ಯರು ಮಲಗುವ ಮುನ್ನ ಹೇಳುವ ಪ್ರಾರ್ಥನೆಯಲ್ಲಿ, ನನ್ನ ಬಲಕ್ಕೆ ಮೀಕಾಯೇಲ, ಎಡಕ್ಕೆ ಗಬ್ರಿಯೇಲ, ಮುಂದೆ ಊರಿಯೇಲ, ಹಿಂದೆ ರಫಾಯೇಲ, ತಲೆಯ ಮೇಲೆ ದೇವರ ಸಾನ್ನಿಧ್ಯ ಎಂಬ ಸಾಲು ಬರುತ್ತದೆ. ಇದನ್ನು ದಿಗ್ಬಂಧನದ ಮಂತ್ರವೆಂದು ಓದುವ ಆಸೆ ನಮ್ಮವರಿಗೆ ಹುಟ್ಟುವುದು ಸಹಜ. ಅದರ ಪಕ್ಕದಲ್ಲೇ ಜೆರೂಸಲೇಮ್ ತಾಲ್ಮೂದಿನ ಇನ್ನೊಂದು ಬೋಧನೆಯನ್ನು ಇಟ್ಟುಕೊಳ್ಳಿ: ಕಷ್ಟ ಬಂದಾಗ ಮನುಷ್ಯನು ಮೀಕಾಯೇಲನನ್ನಾಗಲಿ ಗಬ್ರಿಯೇಲನನ್ನಾಗಲಿ ಕೂಗದೆ ದೇವರನ್ನೇ ಕೂಗಬೇಕು. ಎರಡನ್ನೂ ಒಟ್ಟಿಗೆ ಓದಿದರೆ ಮಾತ್ರ ಆ ಪರಂಪರೆಯಲ್ಲಿ ದೂತನಿಗಿರುವ ಸ್ಥಾನ ಸರಿಯಾಗಿ ತಿಳಿಯುತ್ತದೆ.

ಲೂಕನಿಂದ ತೋಬೀತನವರೆಗೆ

ಎರಡನೆಯ ಕಾಲಂಗೆ ಲೂಕನ ಸುವಾರ್ತೆಯ ಮೊದಲ ಅಧ್ಯಾಯವೇ ಬಾಗಿಲು. ದೇವಾಲಯದಲ್ಲಿ ಧೂಪ ಹಾಕುತ್ತಿದ್ದ ಜಕರೀಯನಿಗೆ ಗಬ್ರಿಯೇಲನು ತನ್ನ ಹೆಸರು ಹೇಳಿ, ನಾನು ದೇವರ ಸನ್ನಿಧಿಯಲ್ಲಿ ನಿಲ್ಲುವವನು ಎನ್ನುತ್ತಾನೆ. ನಂಬದ ಜಕರೀಯನು ಮಗ ಹುಟ್ಟಿ ಹೆಸರಿಡುವ ದಿನದವರೆಗೆ ಮೂಕನಾಗುತ್ತಾನೆ. ಆರನೆಯ ತಿಂಗಳಲ್ಲಿ ಅದೇ ದೂತನು ನಜರೇತಿನ ಮರಿಯಳ ಬಳಿಗೆ ಬರುತ್ತಾನೆ. ಅವಳೂ ಪ್ರಶ್ನೆ ಕೇಳುತ್ತಾಳೆ, ಆದರೆ ಅವಳಿಗೆ ಉತ್ತರ ಸಿಗುತ್ತದೆ. ಇಬ್ಬರ ಪ್ರಶ್ನೆಗಳನ್ನೂ ಪಕ್ಕಪಕ್ಕದಲ್ಲಿ ಬರೆದು, ಒಂದಕ್ಕೆ ಮೌನವೂ ಇನ್ನೊಂದಕ್ಕೆ ವಿವರಣೆಯೂ ಏಕೆ ಬಂತೆಂದು ಚರ್ಚಿಸಿ. ನಮ್ಮ ಕೂಟದಲ್ಲಿ ಇದೊಂದಕ್ಕೇ ಒಂದು ಸಂಜೆ ಹಿಡಿಯಿತು. ಕಥೋಲಿಕರ 'ನಮೋ ಮರಿಯಾ' ಪ್ರಾರ್ಥನೆಯ ಆರಂಭವು ಈ ದೂತನ ವಂದನೆಯೇ ಎಂಬುದನ್ನು ನೆನಪಿಟ್ಟುಕೊಂಡರೆ, ದಾನಿಯೇಲನಿಗೆ ಅರ್ಥ ಹೇಳಿದ ದೂತನ ಮಾತು ಇಂದು ಜಪಸರದ ಮಣಿಗಳ ಮೇಲೆ ಹೇಗೆ ಉಳಿದಿದೆಯೆಂದು ತಿಳಿಯುತ್ತದೆ. ಸುದ್ದಿ ಮುಟ್ಟಿಸುವ ಈ ಕೆಲಸದ ನೆನಪಿನಲ್ಲೇ 12ನೆಯ ಪಯಸ್ ಪೋಪರು 1951ರಲ್ಲಿ ಗಬ್ರಿಯೇಲನನ್ನು ದೂರಸಂಪರ್ಕದವರ ಪಾಲಕ ಸಂತನೆಂದು ಸಾರಿದರು.

ಮೀಕಾಯೇಲನಿಗಾಗಿ ಯೂದನ ಪತ್ರವನ್ನೂ ಪ್ರಕಟನೆಯ 12ನೆಯ ಅಧ್ಯಾಯವನ್ನೂ ಓದಿ. ದಾನಿಯೇಲನಲ್ಲಿ ಒಂದು ಜನಾಂಗದ ಕಾವಲುಗಾರನಾಗಿದ್ದವನು ಇಲ್ಲಿ ಘಟಸರ್ಪದೊಂದಿಗೆ ಸ್ವರ್ಗದಲ್ಲಿ ಯುದ್ಧ ಮಾಡುವ ಸೇನಾಪತಿಯಾಗಿದ್ದಾನೆ. ಅವನ ಪ್ರತಿಮೆಯಿರುವ ಕಥೋಲಿಕ ಚರ್ಚಿಗೆ ಹೋದಾಗ ಪಾದದಡಿ ಏನಿದೆ, ಕೈಯಲ್ಲಿ ಏನಿದೆ ಎಂದು ನೋಡಿ. ಕತ್ತಿ ಅಥವಾ ಈಟಿ, ಕಾಲಡಿಯ ಘಟಸರ್ಪ ಪ್ರಕಟನೆಯಿಂದ ಬಂದವು. ಕೆಲವು ಕಡೆ ಇನ್ನೊಂದು ಕೈಯಲ್ಲಿರುವ ತಕ್ಕಡಿಯು ಆತ್ಮಗಳನ್ನು ತೂಗುವ ನಂಬಿಕೆಯದು, ಅದು ಬೈಬಲ್ಲಿನ ವಚನದಿಂದ ಬಂದದ್ದಲ್ಲ. ರೋಮನ್ ಕಥೋಲಿಕ ಪಂಚಾಂಗದಲ್ಲಿ ಮೀಕಾಯೇಲ, ಗಬ್ರಿಯೇಲ, ರಫಾಯೇಲ ಮೂವರ ಹಬ್ಬವೂ ಸೆಪ್ಟೆಂಬರ್ 29ರಂದು ಬರುತ್ತದೆ. 1969ರ ಪರಿಷ್ಕರಣೆಗೆ ಮೊದಲು ಗಬ್ರಿಯೇಲನಿಗೂ ರಫಾಯೇಲನಿಗೂ ಬೇರೆ ದಿನಗಳಿದ್ದವು.

ತೋಬೀತನ ಗ್ರಂಥವನ್ನು ಮಕ್ಕಳ ಜೊತೆ ಓದಲು ನಾನು ಒತ್ತಾಯಿಸುತ್ತೇನೆ. ಕಣ್ಣು ಕಳೆದುಕೊಂಡ ತಂದೆ, ಒಬ್ಬರ ಬಳಿ ಇರಿಸಿದ್ದ ಹಣವನ್ನು ತರಲು ದೂರದ ಊರಿಗೆ ಹೊರಟ ಮಗ, ದಾರಿ ಬಲ್ಲವನೆಂದು ಜೊತೆಗೂಡಿದ ಅಪರಿಚಿತ, ಹಿಂದೆ ಬರುವ ನಾಯಿ, ನದಿಯಲ್ಲಿ ಹಿಡಿದ ಮೀನು, ಅದರ ಪಿತ್ತದಿಂದ ತಂದೆಗೆ ಮರಳಿದ ಕಣ್ಣು. ಕೊನೆಯಲ್ಲಿ ಕೂಲಿ ಕೊಡಲು ಹೋದಾಗಲೇ ಆ ಅಪರಿಚಿತನು ತಾನು ರಫಾಯೇಲನೆಂದೂ ದೇವರ ಮುಂದೆ ನಿಲ್ಲುವ ಏಳು ಮಂದಿಯಲ್ಲಿ ಒಬ್ಬನೆಂದೂ ಹೇಳುತ್ತಾನೆ.

ಒಂದು ಮಾತನ್ನು ವಿಶೇಷವಾಗಿ ಬರೆದುಕೊಳ್ಳಿ. ಸುಮಾರು ಕ್ರಿ.ಶ. 500ರಲ್ಲಿ ಪೌಲನ ಶಿಷ್ಯನಾದ ದಿಯೊನೀಸಿಯನ ಹೆಸರಿನಲ್ಲಿ ಬಂದ ಗ್ರಂಥವು ಸ್ವರ್ಗದವರನ್ನು ಒಂಬತ್ತು ದರ್ಜೆಗಳಾಗಿ ವಿಂಗಡಿಸಿತು. ಅದರಲ್ಲಿ ಪ್ರಧಾನ ದೂತರು ಇರುವುದು ಮೇಲಿನಿಂದ ಎಂಟನೆಯ ದರ್ಜೆಯಲ್ಲಿ, ಅಂದರೆ ಕೆಳಗಿನಿಂದ ಎರಡನೆಯದರಲ್ಲಿ. ದೇವರಿಗೆ ಅತಿ ಸಮೀಪದ ದರ್ಜೆ ಸೆರಾಫಿಯರದು. 'ಪ್ರಧಾನ' ಎಂಬುದನ್ನು 'ಎಲ್ಲರಿಗಿಂತ ಮೇಲಿನವನು' ಎಂದು ಓದಿಕೊಂಡು ಬಂದವರಿಗೆ ಇದು ಆಶ್ಚರ್ಯವೆನಿಸುತ್ತದೆ. ಮಹಾ ಗ್ರೆಗೊರಿ ಪೋಪರು ಕೊಟ್ಟ ವಿವರಣೆ ಇಲ್ಲಿ ನೆರವಾಗುತ್ತದೆ: ದೂತ ಎಂಬುದು ಸ್ವಭಾವದ ಹೆಸರಲ್ಲ, ಕೆಲಸದ ಹೆಸರು; ಸಣ್ಣ ಸುದ್ದಿ ತರುವವರು ದೂತರು, ಅತಿ ದೊಡ್ಡ ಸುದ್ದಿ ತರುವವರು ಪ್ರಧಾನ ದೂತರು. ಹಾಗಾದರೆ ಪ್ರಾಧಾನ್ಯ ಇರುವುದು ಪೀಠದಲ್ಲಲ್ಲ, ಒಯ್ದ ಸಂದೇಶದಲ್ಲಿ.

ಜಿಬ್ರೀಲರ ಕಡೆಗೆ

ಮೂರನೆಯ ಕಾಲಂ ತುಂಬುವಾಗ ಕುರ್‌ಆನ್ ಏನು ಹೇಳುತ್ತದೆ, ಪ್ರವಾದಿ ಮುಹಮ್ಮದರ ನುಡಿ-ನಡೆಗಳ ವರದಿಯಾದ ಹದೀಸ್ ಏನು ಹೇಳುತ್ತದೆ, ಜನರ ಬಾಯಲ್ಲಿ ಏನಿದೆ ಎಂದು ಮೂರು ಬಣ್ಣದ ಪೆನ್ನುಗಳಲ್ಲಿ ಬರೆಯಿರಿ. ಜಿಬ್ರೀಲರ ಹೆಸರು ಕುರ್‌ಆನಿನಲ್ಲಿ ಮೂರು ಬಾರಿ ಬರುತ್ತದೆ: 2:97, 2:98 ಮತ್ತು 66:4. ಮೀಕಾಲ್ ಎಂಬ ರೂಪದಲ್ಲಿ ಮೀಕಾಯೀಲರ ಹೆಸರು 2:98ರಲ್ಲಿ ಒಂದೇ ಬಾರಿ. ಅಂತ್ಯದಿನದ ಕಹಳೆಯ ಮಾತು ಕುರ್‌ಆನಿನಲ್ಲಿದೆ, ಆದರೆ ಊದುವವರ ಹೆಸರಿಲ್ಲ. ಇಸ್ರಾಫೀಲರ ಹೆಸರು ಹದೀಸಿನಲ್ಲಿ, ಪ್ರವಾದಿ ಮುಹಮ್ಮದರ ರಾತ್ರಿಯ ಪ್ರಾರ್ಥನೆಯಲ್ಲಿ ಜಿಬ್ರೀಲ್, ಮೀಕಾಯೀಲರ ಜೊತೆಗೆ ಬರುತ್ತದೆ. 32:11ರಲ್ಲಿ 'ಮಲಕುಲ್ ಮೌತ್', ಅಂದರೆ ಮರಣದ ಮಲಕ್, ಎಂದಷ್ಟೇ ಇದೆ. ಎಲ್ಲರ ಬಾಯಲ್ಲಿರುವ ಅಜ್ರಾಯೀಲ್ ಎಂಬ ಹೆಸರು ಕುರ್‌ಆನಿನಲ್ಲಿ ಇಲ್ಲ.

ಕ್ರಿ.ಶ. 610ರ ಸುಮಾರಿಗೆ ಹಿರಾ ಗುಹೆಯಲ್ಲಿ 'ಓದು' ಎಂಬ ಆಜ್ಞೆಯೊಂದಿಗೆ ಜಿಬ್ರೀಲರ ಕೆಲಸ ಆರಂಭವಾಗುತ್ತದೆ. 26:193 ಅವರನ್ನು 'ವಿಶ್ವಸ್ತ ಆತ್ಮ' ಎಂದು ಕರೆಯುತ್ತದೆ. ದೂತನಿಗೆ ಬೇಕಾದ ಮೊದಲ ಗುಣವೇ ನಂಬಿಕೆಗೆ ಅರ್ಹತೆ, ಏಕೆಂದರೆ ಒಂದು ಅಕ್ಷರ ಕೂಡಿದರೂ ಕಳೆದರೂ ಸಂದೇಶ ಕೆಡುತ್ತದೆ. ರಮಜಾನಿನ ರಾತ್ರಿಗಳಲ್ಲಿ ಅವರು ಬಂದು ಪ್ರವಾದಿಯೊಂದಿಗೆ ಕುರ್‌ಆನನ್ನು ಪುನರಾವರ್ತಿಸುತ್ತಿದ್ದರೆಂದು ಹದೀಸ್ ಹೇಳುತ್ತದೆ. ಹದೀಸಿನಲ್ಲಿ ನಾನು ಎಲ್ಲರಿಗೂ ಮೊದಲು ಓದಿಸುವುದು ಪ್ರವಾದಿಯ ಸಂಗಡಿಗರಾದ ಉಮರರು ವರದಿ ಮಾಡಿದ ಪ್ರಸಂಗ. ಅಚ್ಚ ಬಿಳಿಯ ಉಡುಪಿನ, ದಟ್ಟ ಕಪ್ಪು ಕೂದಲಿನ ಒಬ್ಬ ವ್ಯಕ್ತಿ ಸಭೆಗೆ ಬರುತ್ತಾನೆ. ಅವನ ಪರಿಚಯ ಯಾರಿಗೂ ಇಲ್ಲ, ಮೈಮೇಲೆ ಪ್ರಯಾಣದ ಧೂಳೂ ಇಲ್ಲ. ಪ್ರವಾದಿಯ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಇಸ್ಲಾಂ ಎಂದರೇನು, ಈಮಾನ್ (ನಂಬಿಕೆ) ಎಂದರೇನು, ಇಹ್ಸಾನ್ (ಒಳ್ಳೆಯದನ್ನು ಪೂರ್ಣಮನಸ್ಸಿನಿಂದ ಮಾಡುವುದು) ಎಂದರೇನು ಎಂದು ಕೇಳುತ್ತಾನೆ, ಉತ್ತರ ಸರಿಯೆಂದು ತಾನೇ ಒಪ್ಪುತ್ತಾನೆ, ಎದ್ದು ಹೋಗುತ್ತಾನೆ. ಅವರು ಜಿಬ್ರೀಲ್, ನಿಮಗೆ ನಿಮ್ಮ ಧರ್ಮವನ್ನು ಕಲಿಸಲು ಬಂದಿದ್ದರು ಎಂದು ಪ್ರವಾದಿ ಆಮೇಲೆ ತಿಳಿಸುತ್ತಾರೆ. ಇಲ್ಲಿ ದೂತರು ಕಲಿಸಿದ್ದು ಹೇಳಿ ಅಲ್ಲ, ಕೇಳಿ. ಮೇಷ್ಟರಾದವರಿಗೆ ಇದರಲ್ಲಿ ಕಲಿಯುವುದು ಬಹಳ ಇದೆ.

ಮೀಕಾಯೀಲರಿಗೆ ಇಸ್ಲಾಮೀ ಪರಂಪರೆಯಲ್ಲಿ ಮಳೆ ಮತ್ತು ಅನ್ನದ ಹೊಣೆಯಿದೆ. ದಾನಿಯೇಲನ ಕಾವಲುಗಾರ, ಪ್ರಕಟನೆಯ ಸೇನಾಪತಿ ಇಲ್ಲಿ ಮಳೆಯ ಹೊಣೆಗಾರರಾಗಿದ್ದಾರೆ. ತುಂಬಿ ಹರಿಯುವ ಹೊಳೆಯಿಲ್ಲದೆ, ಕೆರೆ ಕೋಡಿ ಬೀಳುವುದನ್ನೇ ಕಾಯುವ ನಮ್ಮ ಜಿಲ್ಲೆಯಲ್ಲಿ ಈ ಹೆಸರು ಕೇಳಿದಾಗ ರೈತರ ಮಕ್ಕಳ ಮುಖ ಅರಳಿದ್ದನ್ನು ನಾನು ಕಂಡಿದ್ದೇನೆ. ಚಿತ್ರ ಬರೆಸುವ ಚಟುವಟಿಕೆಯನ್ನು ಮಾತ್ರ ಈ ಭಾಗದಲ್ಲಿ ಇಟ್ಟುಕೊಳ್ಳಬೇಡಿ. ಜಿಬ್ರೀಲರಿಗೆ 600 ರೆಕ್ಕೆಗಳೆಂದು ಹದೀಸಿನಲ್ಲಿ ಇದ್ದರೂ ಅವರನ್ನು ಚಿತ್ರಿಸುವುದು ಮುಸ್ಲಿಂ ಮನೆಯವರಿಗೆ ನೋವು ತರುತ್ತದೆ.

ಮಾಮ್ರೆಯ ಊಟ: ಮೂರೂ ಕಾಲಂ ಒಂದಾಗುವ ಕಡೆ

ಇಷ್ಟು ಓದಿದ ಮೇಲೆ ಒಂದೇ ಪ್ರಸಂಗವನ್ನು ಮೂರು ಕಡೆ ಓದುವುದು ಅತ್ಯುತ್ತಮ ಅಭ್ಯಾಸ. ಆದಿಕಾಂಡದ 18ನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿಸಿ. ಮಾಮ್ರೆ ಎಂಬಲ್ಲಿ ಬಿಸಿಲೇರಿದ ಹೊತ್ತಿನಲ್ಲಿ ಗುಡಾರದ ಬಾಗಿಲಲ್ಲಿ ಕೂತಿದ್ದ ಅಬ್ರಹಾಮನು ಮೂವರನ್ನು ಕಂಡು ಓಡಿಹೋಗಿ ನಮಸ್ಕರಿಸಿ, ಕಾಲಿಗೆ ನೀರು ಕೊಡಿಸಿ, ರೊಟ್ಟಿ, ಎಳೆಗರು, ಮೊಸರು, ಹಾಲು ಬಡಿಸುತ್ತಾನೆ. ಅವರು ಮರದಡಿ ಊಟ ಮಾಡಿದರು ಎಂದು ಮೂಲ ಹೇಳುತ್ತದೆ. ದೂತರು ಉಣ್ಣುತ್ತಾರೆಯೇ? ತಾಲ್ಮೂದಿನ ರಬ್ಬಿಗಳು ಉಂಡಂತೆ ಕಂಡರು ಎಂದರು; ತೋಬೀತನ ಗ್ರಂಥದ ರಫಾಯೇಲನೂ, ನಾನು ನಿಜವಾಗಿ ಉಣ್ಣಲಿಲ್ಲ, ನಿಮಗೆ ಹಾಗೆ ಕಂಡಿತು ಎಂದೇ ಹೇಳುತ್ತಾನೆ.

ಈಗ ಕುರ್‌ಆನಿನ 11:69ರಿಂದ 73ರವರೆಗೆ, ಆಮೇಲೆ 51:24ರಿಂದ 30ರವರೆಗೆ ಓದಿ. ಅತಿಥಿಗಳು ಎಷ್ಟು ಮಂದಿ ಎಂದಿಲ್ಲ, ಹೆಸರುಗಳೂ ಇಲ್ಲ. ಇಬ್ರಾಹೀಮರು ಹುರಿದ ಕರುವನ್ನು ತಂದು ಇಡುತ್ತಾರೆ. ಅತಿಥಿಗಳ ಕೈ ಅದರತ್ತ ಚಾಚುವುದೇ ಇಲ್ಲ. ಇಬ್ರಾಹೀಮರಿಗೆ ಒಳಗೊಳಗೇ ಭಯವಾಗುತ್ತದೆ. ಈ ಭಯವನ್ನು ನಮ್ಮ ಹಳ್ಳಿಯವರಿಗೆ ವಿವರಿಸಬೇಕಾಗಿಯೇ ಇಲ್ಲ. ಮನೆಗೆ ಬಂದವರು ಎಲೆ ಹಾಕಿ ಬಡಿಸಿದ ಮೇಲೂ ಕೈಯಿಡದೆ ಕೂತರೆ, ಇವರು ಯಾವ ವೈರ ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದಾರೋ ಎಂದು ಮನೆಯ ಯಜಮಾನನ ಎದೆ ಹೊಡೆದುಕೊಳ್ಳುವುದನ್ನು ನಾವು ಬಲ್ಲೆವು. ಕುರ್‌ಆನಿನ ವ್ಯಾಖ್ಯಾನಕಾರರೂ ಇದೇ ಕಾರಣವನ್ನು ಕೊಟ್ಟಿದ್ದಾರೆ. ಆದಿಕಾಂಡದಲ್ಲಿ ಊಟವು ಆತಿಥ್ಯವನ್ನು ತೋರಿಸಿದರೆ, ಇಲ್ಲಿ ಉಣ್ಣದಿರುವುದೇ ಅವರು ಮನುಷ್ಯರಲ್ಲವೆಂದು ತೋರಿಸುತ್ತದೆ. ಕ್ರೈಸ್ತರಲ್ಲಿ ಹಲವರು ಆ ಮೂವರಲ್ಲಿ ತ್ರಿಯೇಕ ದೇವರ ಸೂಚನೆಯನ್ನು ಕಂಡರು. ಹದಿನೈದನೆಯ ಶತಮಾನದ ಆರಂಭದಲ್ಲಿ ರಷ್ಯಾದ ಆಂದ್ರೇ ರುಬ್ಲ್ಯೋವ್ ಒಂದೇ ಮೇಜಿನ ಸುತ್ತ ಕೂತ ಮೂವರು ದೂತರನ್ನು ಚಿತ್ರಿಸಿದ್ದು ಈ ಅರ್ಥದಲ್ಲಿಯೇ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅಬ್ರಹಾಮನ ಬಳಿಗೆ ಬಂದವರು ಮೂವರು, 19ನೆಯ ಅಧ್ಯಾಯದಲ್ಲಿ ಸೊದೋಮ್ ಪಟ್ಟಣಕ್ಕೆ ತಲುಪಿದವರು ಇಬ್ಬರು. ಒಬ್ಬನು ಎಲ್ಲಿ ಹೋದನು? ಒಬ್ಬ ದೂತನು ಎರಡು ಕೆಲಸ ಮಾಡುವುದಿಲ್ಲ, ಇಬ್ಬರು ದೂತರು ಒಂದೇ ಕೆಲಸ ಮಾಡುವುದಿಲ್ಲ ಎಂಬ ನಿಯಮವನ್ನು ಶಾಸ್ತ್ರವಚನಗಳ ಯೆಹೂದ್ಯ ವ್ಯಾಖ್ಯಾನವಾದ ಮಿದ್ರಾಷ್ ಇಲ್ಲಿಯೇ ಹೇಳುತ್ತದೆ. ಸಾರಳಿಗೆ ಮಗನ ಸುದ್ದಿ ಹೇಳಿದ ಮೀಕಾಯೇಲನ ಕೆಲಸ ಮುಗಿಯಿತು, ಅವನು ಹೊರಟುಹೋದನು. ಪಟ್ಟಣವನ್ನು ಕೆಡವಲು ಗಬ್ರಿಯೇಲನೂ ಅಲ್ಲಿದ್ದ ಅಬ್ರಹಾಮನ ಸಹೋದರನ ಮಗ ಲೋಟನನ್ನು ಉಳಿಸಲು ರಫಾಯೇಲನೂ ಮುಂದೆ ನಡೆದರು. ಸುನ್ನತಿಯ ನೋವಿನಲ್ಲಿದ್ದ ಅಬ್ರಹಾಮನನ್ನು ವಾಸಿಮಾಡಿದವನೂ ರಫಾಯೇಲನೇ ಅಲ್ಲವೇ, ಅಲ್ಲಿಗೆ ಎರಡು ಕೆಲಸವಾಯಿತಲ್ಲ ಎಂದು ನಮ್ಮ ಕೂಟದ ಒಬ್ಬ ಹುಡುಗಿ ಕೇಳಿದಳು. ವಾಸಿಮಾಡುವುದು, ಉಳಿಸುವುದು ಎರಡೂ ಒಂದೇ ಜಾತಿಯ ಕೆಲಸವೆಂದು ನಂತರದ ವ್ಯಾಖ್ಯಾನಕಾರರು ಉತ್ತರಿಸಿದ್ದಾರೆಂದು ತಿಳಿದಾಗ, ನೂರಾರು ವರ್ಷಗಳ ಹಿಂದಿನ ವಿದ್ವಾಂಸರು ತನ್ನ ಪ್ರಶ್ನೆಯನ್ನೇ ಕೇಳಿದ್ದರೆಂದು ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಬೀಳಬಾರದ ಕೆಲವು ತಪ್ಪುಗಳು

ಅಂತ್ಯಕಾಲದ ಕಹಳೆಯನ್ನು ಗಬ್ರಿಯೇಲನ ಕೈಗೆ ಕೊಡಬೇಡಿ. ಬೈಬಲ್ಲಿನಲ್ಲಿ ಹಾಗೆ ಇಲ್ಲ. ನಾನೇ ಮೊದಲು ಹಾಗೆ ಹೇಳಿ, ಚರ್ಚಿಗೆ ಹೋಗುವ ಸ್ನೇಹಿತರಿಂದ ತಿದ್ದಿಸಿಕೊಂಡೆನು. ಕ್ರೈಸ್ತರ ಸೈತಾನನನ್ನು ಬಿದ್ದುಹೋದ ದೂತನೆಂದು ಹೇಳುವ ಹಾಗೆ ಇಸ್ಲಾಮಿನ ಇಬ್ಲೀಸನನ್ನು ಹೇಳಬೇಡಿ; 18:50 ಅವನು ಜಿನ್ನ್‌ಗಳಲ್ಲಿ ಒಬ್ಬನೆಂದು ಹೇಳುತ್ತದೆ, ಮಲಕ್‌ಗಳಾದರೋ 66:6ರ ಪ್ರಕಾರ ಅಲ್ಲಾಹನ ಆಜ್ಞೆಯನ್ನು ಮೀರುವವರಲ್ಲ. ಮನುಷ್ಯನ ಕರ್ಮಗಳನ್ನು ಬರೆದಿಡುವ ಗೌರವಾನ್ವಿತ ಬರಹಗಾರರ ಮಾತು 82ನೆಯ ಅಧ್ಯಾಯದಲ್ಲಿ ಬಂದಾಗ ಚಿತ್ರಗುಪ್ತನ ನೆನಪಾಗುವುದು ತಪ್ಪಲ್ಲ. ನೆನಪಾದದ್ದನ್ನು ಅಂಚಿನಲ್ಲಿ ಬರೆದು, ವ್ಯತ್ಯಾಸವನ್ನೂ ಪಕ್ಕದಲ್ಲೇ ಬರೆಯಿರಿ. ಮೊಬೈಲಿನಲ್ಲಿ ಬರುವ, ಹತ್ತಾರು ಹೊಸ ಹೆಸರುಗಳ ದೂತರ ಚಿತ್ರ, ಸಂಖ್ಯೆ, ರಕ್ಷಾಮಂತ್ರಗಳನ್ನು ಈ ನೋಟ್‌ಬುಕ್ಕಿಗೆ ಸೇರಿಸಬೇಡಿ. ಇಂಥದ್ದರ ವಿರುದ್ಧದ ಎಚ್ಚರ ಹಳೆಯದು: 745ರಲ್ಲಿ ರೋಮಿನಲ್ಲಿ ಸೇರಿದ ಸಭೆಯು ಆಲ್ದೆಬರ್ಟ್ ಎಂಬುವನು ಹಬ್ಬಿಸಿದ ಅಪರಿಚಿತ ದೂತನಾಮಗಳ ಪ್ರಾರ್ಥನೆಯನ್ನು ಖಂಡಿಸಿತು, ಕಥೋಲಿಕ ಸಭೆಯು ಇಂದಿಗೂ ಬೈಬಲ್ಲಿನ ಮೂರು ಹೆಸರುಗಳನ್ನು ಬಿಟ್ಟು ಬೇರೆ ಹೆಸರುಗಳನ್ನು ಕೊಡಬಾರದೆಂದು ಹೇಳುತ್ತದೆ.

ನೆರೆಯವರನ್ನು ಕೇಳುವಾಗ "ನಿಮ್ಮಲ್ಲಿ ಇದನ್ನು ನಂಬುತ್ತೀರಾ?" ಎಂದು ಆರಂಭಿಸಬೇಡಿ. "ಈ ವಚನವನ್ನು ಓದಿದೆ, ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳಿಕೊಡುತ್ತಾರೆ?" ಎಂದು ಪುಸ್ತಕ ತೆರೆದು ಕೇಳಿ. ಸೆಪ್ಟೆಂಬರ್ 29ರ ಪೂಜೆಯ ನಂತರ ಫಾದರ್ ಅವರನ್ನು, ರಮಜಾನಿನ ಕೊನೆಯ ಹತ್ತು ದಿನಗಳಲ್ಲಿ ಅಸರ್ ನಮಾಜಿನ ನಂತರ ಹಜರತರನ್ನು ಕಾಣಲು ಹೋಗಬಹುದು. 97ನೆಯ ಅಧ್ಯಾಯವು ಮಲಕ್‌ಗಳೂ ಆತ್ಮವೂ ಇಳಿದುಬರುವ ರಾತ್ರಿಯೆಂದು ಹೇಳುವ ಖದ್ರ್‌ನ ರಾತ್ರಿಯನ್ನು ಮುಸ್ಲಿಮರು ಹುಡುಕುವುದು ಆ ದಿನಗಳಲ್ಲಿಯೇ. ನೋಟ್‌ಬುಕ್ಕಿನ ಮೂರು ಕಾಲಂಗಳಲ್ಲಿ ಗಬ್ರಿಯೇಲನ ಸಾಲನ್ನು ತುಂಬಿಕೊಂಡು ಹೋಗಿ, ಮೀಕಾಯೇಲನ ಸಾಲನ್ನು ಅರ್ಧ ಖಾಲಿ ಬಿಟ್ಟು ಅವರ ಮುಂದೆ ಇಡಿ. ಖಾಲಿ ಜಾಗ ಕಂಡರೆ ಅವರು ತಾವೇ ಪೆನ್ನು ಕೇಳುತ್ತಾರೆ.